ಸಾವ್ಕಾರರನ್ನು ಏಳು ಮುಂಜಾನೆ ಕೂರಿಸಿದ ಶಾಕೀರಾ

ಮಸ್ಕಿಯಲ್ಲಿ ಹಳೆಯ ಕಾರು ಇಟ್ಟುಕೊಂಡವರು ಯಾರನ್ನೇ ಕೇಳಿ, ಬಸ್‌ಸ್ಟ್ಯಾಂಡ್ ದಾಟಿ ಲಿಂಗಸುಗೂರು ರಸ್ತೆಯಲ್ಲಿ ಸಿಗುವ ಒಂದು ತಗಡಿನ ಶೆಡ್ಡಿನತ್ತ ಕೈ ತೋರಿಸುತ್ತಾರೆ. ಅದಕ್ಕೆ ಬೋರ್ಡಿಲ್ಲ. ಒಳಗೆ ಕೆಲಸ ಮಾಡುವವಳು ಶಾಕೀರಾ. ವಯಸ್ಸು ನಲವತ್ತೊಂದು. ಗಂಡ ಮುಕ್ತಿಯಾರ್ ಟಿಪ್ಪರ್ ಓಡಿಸುತ್ತಾನೆ, ತಿಂಗಳಿಗೆ ಎರಡು ಸಲ ಮನೆಗೆ ಬಂದರೆ ಹೆಚ್ಚು. ಸಲ್ವಾರಿನ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ದುಪಟ್ಟಾವನ್ನು ತಲೆಗೆ ಬಿಗಿದು, ಬಾನೆಟ್ಟಿನೊಳಗೆ ಅರ್ಧ ಮೈ ಇಳಿಸಿ ನಿಂತವಳನ್ನು ಮೊದಲ ಸಲ ನೋಡಿದವರು ‘ಮಿಸ್ತ್ರಿ ಎಲ್ಲಿ?’ ಎಂದು ಕೇಳುತ್ತಾರೆ. ಅವಳು ಅದಕ್ಕೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ವರ್ಷವಾಯಿತು.

ಕಂಪ್ಯೂಟರ್ ಚುಚ್ಚಿ ನೋಡುವ ಹೊಸ ಗಾಡಿಗಳನ್ನು ಅವಳು ಮುಟ್ಟುವುದಿಲ್ಲ. ಅವಳದೇನಿದ್ದರೂ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಇರುವ ಹಳೆಯ ಗಾಡಿಗಳು. ದೀಪಾವಳಿ ಮುಗಿದು, ಕಾಲುವೆ ಬಯಲಿನ ಭತ್ತದ ಮೇಲೆ ಮಂಜು ಕೂರತೊಡಗಿತೆಂದರೆ ಅವು ಒಂದೊಂದಾಗಿ ಮೊಂಡು ಹಿಡಿಯುತ್ತವೆ. ಬೆಳಿಗ್ಗೆ ಎಷ್ಟು ಕೀಲಿ ತಿರುವಿದರೂ ಏಳುವುದಿಲ್ಲ. ಎದ್ದರೂ ನಿಂತಲ್ಲೇ ಗದಗದ ನಡುಗಿ ಆರಿಹೋಗುತ್ತವೆ. ಗಾಡಿ ಸುಮ್ಮನೆ ನಿಂತಾಗ ಎಂಜಿನ್ ಮೆಲ್ಲಗೆ ಓಡುವುದಕ್ಕೆ ಮಿಸ್ತ್ರಿಗಳು ‘ಸ್ಲೋ’ ಎನ್ನುತ್ತಾರೆ. ಸ್ಲೋ ಕೂರಿಸುವುದು ಕಣ್ಣಿನ ಕೆಲಸವಲ್ಲ, ಕಿವಿಯ ಕೆಲಸ. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೆ ಸದ್ದಿನಲ್ಲಾಗುವ ಬದಲು ಕೇಳಿಸಬೇಕು. ಶಾಕೀರಾಳಿಗೆ ಕೇಳಿಸುತ್ತದೆ. ಸಿಂಧನೂರು, ಲಿಂಗಸುಗೂರಿನಿಂದಲೂ ಜನ ಹುಡುಕಿಕೊಂಡು ಬರುವುದು ಅದಕ್ಕೇ.

ಹಾಗೆ ಹುಡುಕಿಕೊಂಡು ಬಂದವರಲ್ಲಿ ಪಂಪಣ್ಣ ಸಾವ್ಕಾರರೂ ಒಬ್ಬರು.

ಎರಡು ಸಾವಿರದ ಇಪ್ಪತ್ತಮೂರರ ಡಿಸೆಂಬರ್ ತಿಂಗಳು. ಸೋಮವಾರ ಮಧ್ಯಾಹ್ನ ಕೆನೆ ಬಣ್ಣದ ಪದ್ಮಿನಿ ಕಾರೊಂದು ಕೆಮ್ಮುತ್ತ ಬಂದು ಶೆಡ್ಡಿನ ಮುಂದೆ ನಿಂತಿತು. ಬಾಗಿಲು ತೆರೆದು, ಎಪ್ಪತ್ತೈದು ದಾಟಿದ ಎತ್ತರದ ಮುದುಕರೊಬ್ಬರು ಇಳಿದರು. ಬಿಳಿ ಧೋತರ, ಹೆಗಲ ಮೇಲೆ ಶಾಲು.

“ಏ ತಂಗಿ, ಹಳೇ ಗಾಡಿ ಸ್ಲೋ ಕುಂದ್ರಿಸ್ತಾರಂತಲ್ಲ, ಅದು ಇಲ್ಲೇ ಏನು?”

ಶಾಕೀರಾ ನಟ್ಟು ತಿರುವುವ ಪಾನಾ ಹಿಡಿದು ಬಗ್ಗಿದ್ದವಳು ಹಾಗೇ ನಿಂತಳು. ಮುಖ ಬದಲಾಗಿತ್ತು, ಬೆನ್ನು ಬಾಗಿತ್ತು. ದನಿ ಮಾತ್ರ ಅದೇ. ಎದುರಿಗಿದ್ದವರೆಲ್ಲ ತನ್ನ ಆಳುಗಳೆಂಬಂತೆ ಎದೆಯಿಂದ ಬರುವ ದನಿ. ಇಪ್ಪತ್ತೇಳು ವರ್ಷ ಅದನ್ನವಳು ಮರೆತಿರಲಿಲ್ಲ. ಅನುಮಾನ ಉಳಿಯಬಾರದೆಂದು ತಲೆಯೆತ್ತಿ ಕಾರಿನ ನಂಬರ್ ನೋಡಿದಳು. ಅದೇ ನಂಬರ್.

ಆಗ ಅವಳಿಗೆ ಹದಿನಾಲ್ಕು ವರ್ಷ. ತಂದೆ ದಸ್ತಗೀರ್‌ಸಾಬ್ ಸಿಂಧನೂರಿನಲ್ಲಿ ನರಸಣ್ಣ ಎಂಬುವವರ ಗ್ಯಾರೇಜಿನಲ್ಲಿ ದೊಡ್ಡ ಮಿಸ್ತ್ರಿ. ಅಕ್ಕಿ ಗಿರಣಿಯ ಸಾವ್ಕಾರರೆಲ್ಲ ತಮ್ಮ ಗಾಡಿಯನ್ನು ದಸ್ತಗೀರನೇ ಮುಟ್ಟಬೇಕು ಎನ್ನುತ್ತಿದ್ದ ಕಾಲ. ಪಂಪಣ್ಣನವರ ಪದ್ಮಿನಿ ಚಳಿಗೆ ಏಳುತ್ತಿರಲಿಲ್ಲ. ದಸ್ತಗೀರ್‌ಸಾಬ್ ಪ್ಲಗ್ ಬಿಚ್ಚಿ ಮೂಸಿ, ಪೆಟ್ರೋಲ್ ಟಾಕಿಯ ಮುಚ್ಚಳ ತೆಗೆದು ಮೂಸಿ, ಪಂಪಣ್ಣನವರನ್ನು ಒಂದು ಬದಿಗೆ ಕರೆದು, ಯಾರಿಗೂ ಕೇಳದಂತೆ, ಪೆಟ್ರೋಲಿನಲ್ಲಿ ಸೀಮೆಎಣ್ಣೆ ಬೆರೆತಿದೆ ಎಂದು ಹೇಳಿದ್ದರು. ಗಾಡಿ ಓಡಿಸುತ್ತಿದ್ದವನು ಪಂಪಣ್ಣನವರ ಅಕ್ಕನ ಮಗ. ಪೆಟ್ರೋಲ್ ಮಾರಿಕೊಂಡು ಸೀಮೆಎಣ್ಣೆ ಸುರಿಯುವವನು ಅವನೇ ಎಂದು ಇದರರ್ಥ.

ಎಂಟು ದಿನದ ಮೇಲೆ ಯಾರೋ ಅಧಿಕಾರಿಯನ್ನು ಕೂರಿಸಿಕೊಂಡು ಬೆಳಿಗ್ಗೆಯೇ ರಾಯಚೂರಿಗೆ ಹೊರಡಬೇಕಿದ್ದ ಗಾಡಿ ಏಳಲಿಲ್ಲ. ಹಮಾಲರು ತಳ್ಳಿದರು, ಆಗಲೂ ಏಳಲಿಲ್ಲ. ಅಧಿಕಾರಿ ಮುಖ ಸಿಂಡರಿಸಿಕೊಂಡು ಇಳಿದು ಬೇರೆ ಜೀಪು ಹತ್ತಿ ಹೋದರು. ಪಂಪಣ್ಣ ಸೀದಾ ಗ್ಯಾರೇಜಿಗೆ ಬಂದರು. ಶಾಕೀರಾ ತಂದೆಗೆ ರೊಟ್ಟಿ ಡಬ್ಬಿ ತಂದು ಒಳಗೆ ನಿಂತಿದ್ದಳು.

“ನನ್ನ ಅಕ್ಕನ ಮಗನ್ನ ಕಳ್ಳ ಅಂತಿ? ಕೆಲಸ ಬರದ ಸೂಳಿಮಗನ!”

ಅಂಗೈ ಅಗಲ ಮಾಡಿ ಬಲಗಿವಿಗೆ ಕೊಟ್ಟ ಏಟು. ಅದರ ಸದ್ದು ಅವಳಿಗೆ ಒಳಗಿನವರೆಗೂ ಕೇಳಿತು. ತಂದೆ ಬೀಳಲಿಲ್ಲ. ಕಿವಿ ಹಿಡಿದುಕೊಂಡು ಮೆಲ್ಲಗೆ ನೆಲದ ಮೇಲೆ ಕುಳಿತರು. ತುಟಿ ಏನೋ ಅಲುಗಿತು. ಗ್ಯಾರೇಜಿನಲ್ಲಿ ಒಂಬತ್ತು ಹತ್ತು ಜನವಿದ್ದರು, ಒಬ್ಬರೂ ಉಸಿರೆತ್ತಲಿಲ್ಲ. ನರಸಣ್ಣ ಒಳಗಿನಿಂದ ಕುರ್ಚಿ ತಂದು ಹಾಕಿದರು, ಕುಳಿತುಕೊಳ್ಳಿ ಸಾವ್ಕಾರ್ರೇ ಎಂದು, ಪಂಪಣ್ಣನವರಿಗೆ.

ಕಿವಿಯ ತಮಟೆ ಹರಿದಿತ್ತು. ಕೀವು ತುಂಬಿತು, ತಿಂಗಳುಗಟ್ಟಲೆ ಸೋರಿತು, ಬಲಗಿವಿ ಸತ್ತಿತು. ನಾಲ್ಕೈದು ವರ್ಷದಲ್ಲಿ ಎಡಗಿವಿಯೂ ಮಂದವಾಗತೊಡಗಿತು. ಸ್ಲೋ ಕೇಳಿಸದ ಮಿಸ್ತ್ರಿಯನ್ನು ನರಸಣ್ಣ ಎಷ್ಟು ದಿನ ಇಟ್ಟುಕೊಂಡಾರು? ದಸ್ತಗೀರ್‌ಸಾಬ್ ಸಂಸಾರ ಕಟ್ಟಿಕೊಂಡು ಹೆಂಡತಿಯ ತವರು ಮಸ್ಕಿಗೆ ಬಂದು ಈ ಶೆಡ್ಡು ಹಾಕಿದರು. ಕೈ ಅವರದು, ಕಿವಿ ಮಗಳದು. ಅವರು ಸ್ಕ್ರೂ ತಿರುವುತ್ತಿದ್ದರು, ಅವಳು ಬಗ್ಗಿ ಕೇಳಿ ಕೈಸನ್ನೆ ಮಾಡುತ್ತಿದ್ದಳು: ಇನ್ನಷ್ಟು, ಸಾಕು, ಹಿಂದಕ್ಕೆ. ಹಾಗೇ ಕೈಗೂ ವಿದ್ಯೆ ಬಂತು. ಮೂಲೆಯಲ್ಲಿ ಕುಳಿತು ನಟ್ಟು ತೊಳೆಯುವ ತಂದೆಯನ್ನು ನೋಡಿದಾಗಲೆಲ್ಲ ಅವಳೊಳಗೆ ಒಂದು ಉರಿ ಏಳುತ್ತಿತ್ತು. ಆ ಮನುಷ್ಯ ಎಂದಾದರೂ ಒಮ್ಮೆ ನನ್ನ ಕೈಗೆ ಸಿಗಲಿ ಎಂದು ಬೇಡಿಕೊಂಡದ್ದುಂಟು. ಇದನ್ನು ಗಂಡನಿಗೂ ಹೇಳಿರಲಿಲ್ಲ.

ಈಗ ಸಿಕ್ಕಿದ್ದ.

“ಇಲ್ಲೇ ಸಾವ್ಕಾರ್ರ” ಎಂದಳು. “ಏನಾಗೈತಿ?”

“ಮುಂಜಾನಿ ಏಳವಲ್ದು. ದಬ್ಬಿಸಿ ಎಬ್ಬಿಸಿದ್ರ ನಿಂತಲ್ಲೇ ನಡುಗಿ ಆರ್ತದ. ಬಿಸಿ ಆದ ಮ್ಯಾಲ ಏನೂ ಇಲ್ಲ, ಕುದುರಿ ಹಂಗ ಓಡ್ತದ. ಸಿಂಧನೂರಾಗ ಎಲ್ಲಾರೂ ಕೈ ಚೆಲ್ಲಿದ್ರು. ನನ್ನ ಮಕ್ಕಳು ಗುಜರಿಗೆ ಹಾಕು ಅಂತಾರ. ಹೊಸಾ ಗಾಡಿ ಐತಿ, ಡ್ರೈವರ್ ಅದಾನ, ಇನ್ಯಾಕ ಇದು ಅಂತಾರ. ಗಿರಣಿ ಅವರ ಕೈಗೆ ಕೊಟ್ಟೀನಿ. ದಿನಾ ಮುಂಜಾನಿ ತುರ್ವಿಹಾಳದ ಹೊಲಕ್ಕ ನಾನ ಓಡಿಸ್ಕೊಂಡು ಹೋಗಿ ಬರ್ತೀನಿ. ಅದೊಂದಾದ್ರೂ ನಂದು ಇರ್ಲಿ ಅಂತ.”

ಅವಳು ಎಲ್ಲ ಕೇಳಿಸಿಕೊಂಡಳು. ಈ ಗಾಡಿ ಇಲ್ಲದಿದ್ದರೆ ಈ ಮನುಷ್ಯ ಮನೆಯಲ್ಲಿ ಕೂರಬೇಕು ಎಂಬುದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು.

“ಥಂಡಿ ಇದ್ದಾಗಿನ ರೋಗ ಥಂಡಿ ಇದ್ದಾಗ ನೋಡಬೇಕ್ರಿ” ಎಂದಳು. “ಗಾಡಿ ಇಲ್ಲೇ ಬಿಡ್ರಿ. ರಾತ್ರಿ ಪೂರಾ ಆರಲಿ. ಮುಂಜಾನಿ ಬಿಸಿಲು ಬೀಳೂಕಿಂತ ಮೊದಲ ನೀವ ಬರಬೇಕು. ಕೀಲಿ ನಿಮ್ಮ ಕೈಯಾಗ ತಿರುಗಬೇಕು. ನೀವು ಹೆಂಗ ಚೋಕ್ ಎಳೀತೀರಿ, ಹೆಂಗ ಕಾಲು ಇಡ್ತೀರಿ ನಾ ನೋಡಬೇಕು.”

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಯಾವ ಗಿರಾಕಿಗಾದರೂ ಅವಳು ಇದನ್ನೇ ಹೇಳುತ್ತಾಳೆ.

ಮಂಗಳವಾರ ಬೆಳಿಗ್ಗೆ ಸಿಂಧನೂರಿನ ಮೊದಲ ಬಸ್ಸಿಗೆ ಸಾವ್ಕಾರರು ಬಂದರು. ಮಗನ ಕಾರಿನಲ್ಲಿ ಬಂದರೆ ಗುಜರಿಯ ಮಾತು ಏಳುತ್ತದೆಂದು ಯಾರಿಗೂ ಹೇಳದೆ ಬಂದಿದ್ದರು. ಮಸ್ಕಿಯ ಗುಡ್ಡ ಮಂಜಿನಲ್ಲಿ ಅರ್ಧ ಮುಳುಗಿತ್ತು. ಬಾಯಿ ತೆರೆದರೆ ಹೊಗೆ. ಅವಳ ಮಾತಿನಂತೆ ಅವರು ಸೀಟಿನಲ್ಲಿ ಕುಳಿತು ಸೆಲ್ಫ್ ಹೊಡೆದರು. ಹೆಡ್‌ಲೈಟು ಮಂಕಾಯಿತು, ಎಂಜಿನ್ ಮುದಿ ಎತ್ತಿನಂತೆ ಒಂದು ಸುತ್ತು ನರಳಿ ನಿಂತಿತು. ಬಾನೆಟ್ ಎತ್ತಿದರೆ ಬ್ಯಾಟರಿಯ ತುದಿಗಳಲ್ಲಿ ಬಿಳಿ ಬೂಸ್ಟು ಹೂವಿನಂತೆ ಅರಳಿತ್ತು. ಬಿಸಿನೀರು ಸುರಿದು, ಉಜ್ಜಿ, ಬಿಗಿ ಮಾಡಿದಳು. ಈಗ ಸೆಲ್ಫ್ ಚುರುಕಾಗಿ ತಿರುಗಿತು, ಆದರೂ ಗಾಡಿ ಹತ್ತಿಕೊಳ್ಳಲಿಲ್ಲ. ಪ್ಲಗ್ ಬಿಚ್ಚಿದಳು. ಕಪ್ಪು, ಮೇಲೆ ಪೆಟ್ರೋಲಿನ ಒದ್ದೆ. ಸಾವ್ಕಾರರು ಕೀಲಿ ತಿರುವುವ ಮೊದಲು ಹತ್ತು ಸಲ ಆಕ್ಸಿಲರೇಟರ್ ತುಳಿಯುತ್ತಿದ್ದುದನ್ನು ಅವಳು ಕಂಡಿದ್ದಳು.

“ಹಂಗ ತುಳಿದ್ರ ಪೆಟ್ರೋಲ್ ಕುಡಿದು ಸಾಯ್ತೈತ್ರಿ ಅದು. ಕಾಲು ತಗೀರಿ. ಚೋಕ್ ಎಳೀರಿ, ಕೀಲಿ ತಿರುವ್ರಿ, ಅಷ್ಟ.”

ನಲವತ್ತು ವರ್ಷ ಗಾಡಿ ಓಡಿಸಿದವರಿಗೆ ಹೆಣ್ಣೊಬ್ಬಳು ಕಾಲು ತೆಗೆಯಲು ಹೇಳಿದ್ದು ರುಚಿಸಲಿಲ್ಲ. ಮುಖ ಕೆಂಪಾಯಿತು. ಆದರೆ ತೆಗೆದರು. ಶಾಕೀರಾಳಿಗೆ ಅದು ಬಹಳ ರುಚಿಸಿತು.

ಬುಧವಾರ, ಥಂಡಿಯಲ್ಲಿ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚಿಸಿ ಎಬ್ಬಿಸುವ ಚೋಕಿನ ತಂತಿ ಹಿಡಿದಳು. ಕಾರಿನೊಳಗೆ ಗುಂಡಿ ಪೂರಾ ಎಳೆದರೂ ಕಾರ್ಬೊರೇಟರಿನ ಸನ್ನೆಕೋಲು ಅರ್ಧಕ್ಕೇ ನಿಲ್ಲುತ್ತಿತ್ತು. ತಂತಿ ಎಳೆ ಬಿಚ್ಚಿ ಜೋಲು ಬಿದ್ದಿತ್ತು. ಹೊಸದು ಹಾಕಿದಳು. ಗಾಡಿ ಎರಡನೇ ಕೀಲಿಗೆ ಎದ್ದಿತು. ಸಾವ್ಕಾರರ ಮುಖ ಅರಳಿತು. ಆದರೆ ಚೋಕ್ ಒಳಗೆ ತಳ್ಳುತ್ತಿದ್ದಂತೆ ಎಂಜಿನ್ ಒಮ್ಮೆ ಏರಿ ಒಮ್ಮೆ ಇಳಿದು, ಜ್ವರ ಬಂದವರ ಹಾಗೆ ನಡುಗಿ ಆರಿತು. ಎಲ್ಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ ಎಂದು ಅವಳಿಗೆ ಅನಿಸಿತು.

ಅವಳ ಹತ್ತಿರ ಮೊಣಕೈಯುದ್ದದ ರಬ್ಬರ್ ಪೈಪೊಂದಿತ್ತು. ಒಂದು ತುದಿ ಕಿವಿಗಿಟ್ಟುಕೊಂಡು, ಚೋಕ್ ಎಳೆದು ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ಇನ್ನೊಂದು ತುದಿಯನ್ನು ಕಾರ್ಬೊರೇಟರಿನ ಸುತ್ತ ಮೆಲ್ಲಗೆ ಆಡಿಸಿದಳು. ಬುಡಕ್ಕೆ ಬಂದಾಗ ಹಾವು ಬುಸುಗುಟ್ಟಿದಂತೆ ಸಣ್ಣ ಸಿಳ್ಳು ಕೇಳಿಸಿತು. ಅದೇ. ಗಾಳಿ ನುಸುಳದಂತೆ ಕಾರ್ಬೊರೇಟರಿನ ಅಡಿ ಇಡುವ ಪ್ಯಾಕಿಂಗ್ ಹಾಳೆ ಒಣಗಿ ಬಿರುಕು ಬಿಟ್ಟಿತ್ತು. ಎಂಜಿನ್ ಕಾದಾಗ ಲೋಹ ಹಿಗ್ಗಿ ಬಿರುಕು ಮುಚ್ಚುತ್ತದೆ, ಅದಕ್ಕೇ ಬಿಸಿಯಾದ ಮೇಲೆ ತೊಂದರೆಯಿಲ್ಲ. ಹೊಸ ಪ್ಯಾಕಿಂಗ್ ಕತ್ತರಿಸಿ ಕೂರಿಸಲು ಮುಕ್ಕಾಲು ಗಂಟೆ ಸಾಕು. ಅದಕ್ಕೆ ಬೇಕಾದ ಹಾಳೆ ಅವಳ ಡಬ್ಬಿಯಲ್ಲೇ ಇತ್ತು.

ಕಿವಿಯಿಂದ ಪೈಪು ತೆಗೆದಳು. ಸಾವ್ಕಾರರು ಕಿಟಕಿಯಿಂದ ಕತ್ತು ಹೊರಹಾಕಿ ಅವಳ ಮುಖವನ್ನೇ ನೋಡುತ್ತಿದ್ದರು.

“ಸಿಕ್ತೇನು ತಂಗಿ?”

“ಇಲ್ರಿ” ಎಂದಳು ಶಾಕೀರಾ. “ನಾಳೆ ಬರ್ರಿ.”

ಅಲ್ಲಿಂದ ಮುಂದಿನದೆಲ್ಲ ಸೇಡು. ಗುರುವಾರ ಬೇಕೆಂದೇ ಒಂದು ಗಂಟೆ ತಡವಾಗಿ ಬಂದಳು. ಸಾವ್ಕಾರರು ಮುಚ್ಚಿದ ಶೆಡ್ಡಿನ ಮುಂದೆ ಕಬ್ಬಿಣದ ಬೆಂಚಿನ ಮೇಲೆ ಶಾಲು ಹೊದ್ದು ಮುದುಡಿ ಕುಳಿತಿದ್ದರು. ಆ ಬೆಂಚು ರಾತ್ರಿಯ ಥಂಡಿಯನ್ನೆಲ್ಲ ಕುಡಿದು ಮಂಜುಗಡ್ಡೆಯಾಗಿರುತ್ತದೆಂದು ಅವಳಿಗೆ ಗೊತ್ತು. ಶುಕ್ರವಾರ ಗಾಡಿಯನ್ನು ಇಪ್ಪತ್ತು ಸಲ ಎಬ್ಬಿಸಿ ಆರಿಸಲು ಹೇಳಿದಳು, ತಾನು ಬಾನೆಟ್ಟಿನೊಳಗೆ ಸುಮ್ಮನೆ ನಿಂತಳು. ಶನಿವಾರ ಕೆಲಸ ತಿಳಿದವರ ಗಾಂಭೀರ್ಯದಿಂದ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ಜೆಟ್ಟುಗಳನ್ನು ಬಿಚ್ಚಿ, ಊದಿ, ಮತ್ತೆ ಅಲ್ಲೇ ಹಾಕಿದಳು. ಪ್ರತಿದಿನ ಕೊನೆಗೆ ಒಂದೇ ಮಾತು: “ನಾಳೆ ಬರ್ರಿ.” ಪ್ರತಿದಿನ ಆ ಎತ್ತರದ ಬೆನ್ನು ಇನ್ನಷ್ಟು ಬಾಗಿ ಬಸ್‌ಸ್ಟ್ಯಾಂಡಿನತ್ತ ಹೋಗುವುದನ್ನು ಅವಳು ಕೈ ಒರೆಸಿಕೊಳ್ಳುತ್ತ ನೋಡುತ್ತಿದ್ದಳು. ನೋಡಿ ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣುತ್ತಿದ್ದಳು.

ಪಕ್ಕದಲ್ಲಿ ಆದೆಮ್ಮನ ಚಹಾ, ಒಗ್ಗರಣೆ ಮಂಡಕ್ಕಿಯ ಗೂಡಂಗಡಿ. ಆದೆಮ್ಮ ಮೂರನೇ ದಿನದಿಂದ ಮುದುಕರಿಗೆ ಬಿಸಿ ಚಹಾ ಕೊಡತೊಡಗಿದ್ದಳು.

“ಅವಗ ಚಾ ಕೊಡಬ್ಯಾಡ ಆದೆಮ್ಮಕ್ಕ” ಎಂದಳು ಶಾಕೀರಾ ಶನಿವಾರ.

“ಯಾಕಬೇ? ಮುದುಕ ಥಂಡಿಗೆ ಕೆಮ್ಮಾಕತ್ತಾನ. ನಿನಗ ಒಂದು ಗಾಡಿ ಐದು ದಿನ ಹಿಡಿದದ್ದು ನಾ ಯಾವತ್ತೂ ನೋಡಿಲ್ಲ. ಏನ್ ನಡಸೀದಿ?”

ಶಾಕೀರಾ ಮೊದಲ ಸಲ ಬಾಯಿಬಿಟ್ಟು ಎಲ್ಲ ಹೇಳಿದಳು. ಆದೆಮ್ಮ ಬಾಣಲೆಯಲ್ಲಿದ್ದ ಮಿರ್ಚಿ ಕರಿಯುವುದನ್ನು ಮರೆತು ಕೇಳಿದಳು. ದಸ್ತಗೀರ್‌ಸಾಬರಿಗೆ ಇಪ್ಪತ್ತು ವರ್ಷದಿಂದ ಕೈಸನ್ನೆ ಮಾಡಿ ಚಹಾ ಕೊಟ್ಟವಳು ಅವಳು. ಕಿವಿ ಹುಟ್ಟಿನಿಂದಲೇ ಹಾಗೆ ಎಂದುಕೊಂಡಿದ್ದಳು.

“ಕುಂದ್ರಿಸು” ಎಂದಳು ಕೊನೆಗೆ. “ಬೇಕಾದಷ್ಟು ದಿನ ಕುಂದ್ರಿಸು. ಖರೆ, ಚಾ ಮಾತ್ರ ನಾ ಕೊಡಾಕಿ. ನಿನ್ನ ಸೇಡಿನಾಗ ನನ್ನ ಕೆಟಲಿ ತರಬ್ಯಾಡ.”

ಅದೇ ಮಧ್ಯಾಹ್ನ ಶಾಕೀರಾ ಒಬ್ಬಳೇ ಇದ್ದಾಗ ಶೆಡ್ಡಿನ ಮೂಲೆಯ ಸೀಮೆಎಣ್ಣೆ ಡಬ್ಬಿಯತ್ತ ನೋಡಿದಳು. ಬಿಡಿಭಾಗ ತೊಳೆಯಲು ಇಟ್ಟದ್ದು. ಎತ್ತಿಕೊಂಡು ಪದ್ಮಿನಿಯ ಟಾಕಿಯವರೆಗೂ ಹೋದಳು, ಮುಚ್ಚಳವನ್ನೂ ತೆಗೆದಳು. ಆಮೇಲೆ ಮುಚ್ಚಿದಳು. ದಯೆಯಿಂದಲ್ಲ. ‘ಮಸ್ಕಿಯ ಶಾಕೀರಾ ಗಾಡಿ ಕೆಡಿಸಿ ಕಳಿಸಿದಳು’ ಎಂಬ ಮಾತು ಸಿಂಧನೂರಿಗೆ ಮುಟ್ಟಿದರೆ, ಅಂದು ತಂದೆಯ ಮೇಲೆ ಹೊರಿಸಿದ್ದು ಇಂದು ನಿಜವಾಗುತ್ತಿತ್ತು.

ಭಾನುವಾರವೂ ಬಂದು ಹೋದರು. ಸೋಮವಾರ, ಏಳನೆಯ ಬೆಳಿಗ್ಗೆ, ಸಾವ್ಕಾರರ ತಾಳ್ಮೆ ಮುಗಿಯಿತು. ಮೂಗು ಕೆಂಪಾಗಿತ್ತು, ಕೆಮ್ಮು ಎದೆಗಿಳಿದಿತ್ತು.

“ಇನ್ನೆಷ್ಟು ದಿನ ಹೇಳಿಬಿಡು. ಆಗಂಗಿಲ್ಲ ಅಂದ್ರ ಟೆಂಪೋದಾಗ ಹಾಕ್ಕೊಂಡು ಬಳ್ಳಾರಿಗೆ ಒಯ್ತೀನಿ.”

“ಇವತ್ತ ಆಗ್ತೈತಿ” ಎಂದಳು ಅವಳು. “ಮುಕ್ಕಾಲು ತಾಸಿನ ಕೆಲಸ. ಬುಧವಾರನ ಸಿಕ್ಕಿತ್ತು ನನಗ.”

ಅವರು ತಿಳಿಯದೆ ನೋಡಿದರು.

“ನಾ ದಸ್ತಗೀರ್‌ಸಾಬ್‌ರ ಮಗಳು. ಸಿಂಧನೂರು, ನರಸಣ್ಣನ ಗ್ಯಾರೇಜು.”

ಈ ಗಳಿಗೆಯನ್ನು ಅವಳು ಸಾವಿರ ಸಲ ಮನಸ್ಸಿನಲ್ಲಿ ಆಡಿಸಿಕೊಂಡಿದ್ದಳು. ಹೆಸರು ಕೇಳಿದ ಕೂಡಲೇ ಮುಖ ಬಿಳಿಚುತ್ತದೆ, ಕಣ್ಣು ನೆಲ ನೋಡುತ್ತದೆ ಎಂದುಕೊಂಡಿದ್ದಳು. ಅಂಥದ್ದೇನೂ ಆಗಲಿಲ್ಲ.

“ಯಾವ ದಸ್ತಗೀರ?” ಎಂದರು ಪಂಪಣ್ಣ.

ಅವಳು ಪಾನಾ ಕೆಳಗಿಟ್ಟಳು. ಒಂದೊಂದಾಗಿ ಹೇಳಿದಳು: ಚಳಿಯ ಬೆಳಿಗ್ಗೆ, ಅಧಿಕಾರಿ, ಇದೇ ಗಾಡಿ, ಸೀಮೆಎಣ್ಣೆ, ಏಟು, ಕಿವಿ. ಅವರು ಕೇಳಿ ಶಾಲು ಸರಿಪಡಿಸಿಕೊಂಡರು.

“ಇದ್ದೀತವ್ವ. ಆಗ ನಾ ಬಾಳ ಮಂದಿಗೆ ಕೈ ಮಾಡೀನಿ. ಒಬ್ಬೊಬ್ಬರ್ದ ನೆನಪಿಟ್ಕೊಳ್ಳಾಕ ಆಗ್ತದೇನು? ನಿನಗ ತಪ್ಪಾತು ಅನ್ನಬೇಕೇನು? ತಪ್ಪಾತು. ಈಗ ಗಾಡಿ ಮಾಡು.”

ಪೇಟೆಯಲ್ಲಿ ಕಾಲು ತುಳಿದವರು ಹೇಳುವಂತೆ ಹೇಳಿಬಿಟ್ಟರು. ಶಾಕೀರಾಳಿಗೆ ಅದು ಇನ್ನೊಂದು ಏಟು ಬಿದ್ದಂತಾಯಿತು.

“ನನಗ ಅಲ್ರಿ” ಎಂದಳು. “ನಮ್ಮ ಅಬ್ಬಾಗ ಹೇಳ್ರಿ. ಇಲ್ಲೇ, ಈ ರಸ್ತಾದಾಗ, ಮಂದಿ ಮುಂದ. ಪೆಟ್ರೋಲಿನಾಗ ಸೀಮೆಎಣ್ಣಿ ಇತ್ತು, ದಸ್ತಗೀರನ ಕೆಲಸ ಸರಿ ಇತ್ತು, ನಾ ಹೊಡೆದಿದ್ದು ತಪ್ಪು ಅಂತ. ಒದರಿ ಹೇಳಬೇಕಾಗ್ತೈತಿ. ಅವಗ ಕಿವಿ ಕೇಳಂಗಿಲ್ಲ.”

ಪಂಪಣ್ಣ ಕೆನೆ ಬಣ್ಣದ ಗಾಡಿಯತ್ತ ನೋಡಿದರು, ರಸ್ತೆಯತ್ತ ನೋಡಿದರು. ಬೆಳಗಿನ ಬಸ್ಸುಗಳಿಗೆ ಜನ ಸೇರುತ್ತಿದ್ದ ಹೊತ್ತು. ಬೆಂಚಿನ ಮೇಲೆ ಕುಳಿತರು. “ಕರೀ” ಎಂದರು.

ಮನೆ ಹಿಂದಿನ ಓಣಿಯಲ್ಲೇ. ಚಳಿಗಾಲದಲ್ಲಿ ತಂದೆ ಶೆಡ್ಡಿಗೆ ಬರುತ್ತಿರಲಿಲ್ಲ, ಮನೆಯಲ್ಲೇ ಇರುತ್ತಿದ್ದರು. ಶಾಕೀರಾ ತಂದೆಯ ಕೈ ಹಿಡಿದು ಕರೆತಂದಳು. ದಾರಿಯಲ್ಲಿ ಅವರ ಅಂಗೈಯಲ್ಲಿ ಬೆರಳಿಂದ ಪಂಪಣ್ಣನವರ ಹೆಸರು ಬರೆದಳು. ದಸ್ತಗೀರ್‌ಸಾಬ್ ಹೆಜ್ಜೆ ನಿಲ್ಲಿಸಿದರು. ಆಮೇಲೆ ಟೋಪಿ ಸರಿಮಾಡಿಕೊಂಡು ನಡೆದರು. ಎಪ್ಪತ್ತಮೂರು ವರ್ಷದ ಸಣಕಲು ದೇಹ. ಮಾತು ಕಡಿಮೆ. ಯಾರ ಮೇಲೂ ದೂರಿಲ್ಲದ ಮನುಷ್ಯ ಎಂದೇ ಮಸ್ಕಿಯಲ್ಲಿ ಹೆಸರು. ಎಲ್ಲಿ ಇವರು ‘ಹೋಗಲಿ ಬಿಡು ಬೇಟಾ’ ಎಂದುಬಿಡುತ್ತಾರೋ ಎಂಬ ದಿಗಿಲು ಅವಳಿಗಿತ್ತು.

ಇಬ್ಬರು ಮುದುಕರು ಎದುರುಬದುರು ನಿಂತರು. ಪಂಪಣ್ಣ ಗಂಟಲು ಸರಿಮಾಡಿಕೊಂಡು ಹೇಳಿದರು: “ದಸ್ತಗೀರ, ಅವತ್ತು ನಂದು ತಪ್ಪಾತು.”

ದಸ್ತಗೀರ್‌ಸಾಬ್ ಅವರ ತುಟಿಯನ್ನೇ ನೋಡುತ್ತಿದ್ದರು. ಇಷ್ಟು ವರ್ಷದಲ್ಲಿ ಅವರು ತುಟಿ ಓದಲು ಕಲಿತಿದ್ದಾರೆಂದು ಶಾಕೀರಾಳಿಗೆ ಗೊತ್ತು. ಮನೆಯಲ್ಲಿ ಅರ್ಧ ಮಾತು ನಡೆಯುವುದು ಹಾಗೆಯೇ. ಅವರು ಬಲಗಿವಿಗೆ ಕೈ ಒಡ್ಡಿದರು.

“ಕೇಳಿಸಲಿಲ್ರಿ.”

ಪಂಪಣ್ಣ ದನಿ ಏರಿಸಿದರು. ಪೆಟ್ರೋಲಿನಾಗ ಸೀಮೆಎಣ್ಣಿ ಇತ್ತು, ನಿನ್ನ ಕೆಲಸ ಸರಿ ಇತ್ತು ಎಂದು ಕೂಗಿದರು. ಬಸ್ಸಿಗೆ ನಿಂತವರು ತಿರುಗಿದರು. ಆದೆಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಆಟೋದವರು ಇಳಿದು ಬಂದು ಸುತ್ತ ನಿಂತರು.

ದಸ್ತಗೀರ್‌ಸಾಬ್ ತಲೆಯಾಡಿಸಿದರು. “ಕೇಳಿಸಲಿಲ್ರಿ ಸಾವ್ಕಾರ್ರ. ಇನ್ನೊಮ್ಮೆ ಹೇಳ್ರಿ.”

ಆಗ ಶಾಕೀರಾಳಿಗೆ ಅರ್ಥವಾಯಿತು. ಎಲ್ಲ ಮರೆತವರೆಂದು ತಾನು ನಂಬಿದ್ದ ತಂದೆ ಯಾವುದನ್ನೂ ಮರೆತಿರಲಿಲ್ಲ. ಅವಳಿಗೆ ತಂದೆಯ ಬಗ್ಗೆ ಎಂದೂ ಇಲ್ಲದ ಹೆಮ್ಮೆಯಾಯಿತು.

ಪಂಪಣ್ಣನವರ ಕತ್ತಿನ ನರ ಉಬ್ಬಿತ್ತು. ಮೂರನೆಯ ಸಲ ಬಾಯಿ ತೆರೆದಾಗ ಕೆಮ್ಮು ಒತ್ತರಿಸಿ ಬಂತು. ಗಾಡಿಯ ಬಾನೆಟ್ಟಿಗೆ ಕೈ ಊರಿ ಕೆಮ್ಮಿ ಮುಗಿಸಿದರು. ಆಮೇಲೆ ತಲೆಯೆತ್ತಿ ಕೂಗಿದರು. ಈ ಸಲ ಬಂದದ್ದು ಶಾಕೀರಾ ಹೇಳಿಕೊಟ್ಟ ಮಾತಲ್ಲ.

“ಹೊಡೆದ ಮ್ಯಾಲ ನೀ ನೆಲಕ್ಕ ಕುಂತು ಒಂದು ಮಾತು ಅಂದಿ! ‘ಸಾವ್ಕಾರ್ರ, ಒಮ್ಮೆ ಟಾಕಿ ಮೂಸಿ ನೋಡ್ರಿ’ ಅಂದಿ! ನಾ ಮನೀಗೆ ಹೋಗಿ ಮೂಸಿ ನೋಡಿದ್ನಿ! ಸೀಮೆಎಣ್ಣೀನ ಇತ್ತು! ಅವತ್ತ ಗೊತ್ತಾಗಿತ್ತು ನನಗ!”

ಆ ಮಾತು ಶಾಕೀರಾಳಿಗೂ ಗೊತ್ತಿರಲಿಲ್ಲ. ಅಂದು ತಂದೆಯ ತುಟಿ ಅಲುಗಿದ್ದನ್ನಷ್ಟೇ ಅವಳು ಕಂಡಿದ್ದಳು. ತಂದೆ ಇಪ್ಪತ್ತೇಳು ವರ್ಷದಲ್ಲಿ ಅದನ್ನು ಮನೆಯಲ್ಲಿ ಆಡಿರಲಿಲ್ಲ. ‘ಯಾವ ದಸ್ತಗೀರ’ ಎಂದ ಈ ಮನುಷ್ಯನಿಗೆ ಅಕ್ಷರ ಅಕ್ಷರ ನೆನಪಿತ್ತು.

ದಸ್ತಗೀರ್‌ಸಾಬ್ ಕಿವಿಯಿಂದ ಕೈ ಇಳಿಸಿದರು.

“ಈಗ ಕೇಳಿಸ್ತ್ರಿ” ಎಂದರು.

ಅಷ್ಟೇ ಹೇಳಿ, ಮಗಳತ್ತ ತಿರುಗಿ, ಮನೆಯ ದಖ್ಖನಿ ಮಾತಿನಲ್ಲಿ, ಗಾಡಿ ಮಾಡಿಕೊಡು ಎಂದರು.

ಶಾಕೀರಾಳಿಗೆ ಮಾಡಿಕೊಡಲು ಮನಸ್ಸಿರಲಿಲ್ಲ. ತಂದೆಯ ಉರಿ ಆರಿದ ಜಾಗದಲ್ಲೇ ಅವಳದು ಇಮ್ಮಡಿಯಾಗಿ ಎದ್ದಿತ್ತು. ತಿಳಿಯದೆ ಹೊಡೆದವನು ಎಂದುಕೊಂಡ ದಿನಗಳಲ್ಲೇ ಇಷ್ಟು ದ್ವೇಷವಿದ್ದರೆ, ಅದೇ ದಿನ ತಿಳಿದೂ ಇಷ್ಟು ವರ್ಷ ಸುಮ್ಮನಿದ್ದವನನ್ನು ಏನು ಮಾಡಬೇಕು? ಇನ್ನೂ ಏಳು ಬೆಳಿಗ್ಗೆ, ಇನ್ನೂ ಎಪ್ಪತ್ತು ಬೆಳಿಗ್ಗೆ ಈ ಬೆಂಚಿನ ಮೇಲೆ ಕೂರಿಸಬೇಕು ಅನಿಸಿತು. ಆದರೆ ತಂದೆ ಎದುರಿಗೇ ನಿಂತಿದ್ದರು. ಅವರೆದುರು ಅವಳು ಗಾಡಿಯ ಕೆಲಸವನ್ನು ಎಂದೂ ಅರ್ಧಕ್ಕೆ ಬಿಟ್ಟವಳಲ್ಲ.

ಹಲ್ಲು ಕಚ್ಚಿಕೊಂಡು ಕಾರ್ಬೊರೇಟರ್ ಬಿಚ್ಚಿದಳು. ಹಳೆಯ ಪ್ಯಾಕಿಂಗನ್ನು ಕೆರೆದು ತೆಗೆದಳು, ಹೊಸ ಹಾಳೆಯಲ್ಲಿ ಅದರ ಅಚ್ಚು ಹಾಕಿ ಕತ್ತರಿಸಿದಳು, ಕೂರಿಸಿ ಎರಡೂ ನಟ್ಟನ್ನು ಸಮಸಮ ಬಿಗಿದಳು. ಸೀಟಿನಲ್ಲಿ ಕುಳಿತ ಪಂಪಣ್ಣನವರಿಗೆ ಕೀಲಿ ತಿರುವಲು ಸನ್ನೆ ಮಾಡಿದಳು. ಗಾಡಿ ಒಂದೇ ಕೀಲಿಗೆ ಎದ್ದಿತು. ಚೋಕ್ ಒಳಗೆ ಹೋಯಿತು, ಸ್ಲೋ ಅಲುಗಲಿಲ್ಲ. ಕಾರ್ಬೊರೇಟರಿನ ಪಕ್ಕ ಬಗ್ಗಿ, ಸ್ಕ್ರೂ ಒಂದಿಷ್ಟು ತಿರುವಿ ಇನ್ನಷ್ಟು ತಿಳಿಯಾಗಿಸಿದಳು. ಅಭ್ಯಾಸದ ಕೈ, ಬೇಡವೆಂದರೂ ನಿಲ್ಲಲಿಲ್ಲ.

ಪಂಪಣ್ಣ ಇಳಿದು ಜೇಬಿಗೆ ಕೈ ಹಾಕಿದರು. ಅವಳು ಮೂರು ದಿನದ ಕೂಲಿ, ಚೋಕ್ ತಂತಿಯ ಬೆಲೆ ಮಾತ್ರ ತೆಗೆದುಕೊಂಡು ಉಳಿದದ್ದನ್ನು ವಾಪಸ್ ಚಾಚಿದಳು.

“ನಾಕು ದಿನ ನಾ ಕೆಲಸ ಮಾಡಿಲ್ರಿ.”

“ಗೊತ್ತು” ಎಂದರು ಅವರು. ಗಾಡಿ ಹತ್ತಿದರು.

“ನನ್ನ ಮುಂದ ನೆನಪಿಲ್ಲ ಅಂದ್ರೆಲ್ಲ, ಯಾಕ?” ಎಂದು ಕಿಟಕಿ ಹಿಡಿದು ಕೇಳಿದಳು.

ಪಂಪಣ್ಣ ಮುಂದಿನ ಗಾಜಿನಿಂದಾಚೆ ನೋಡುತ್ತ ಕುಳಿತರು. “ನೆನಪೈತಿ ಅಂದಿದ್ರ ನೀ ಗಾಡಿ ಮಾಡ್ತಿದ್ದಿಲ್ಲ ಅಂದ್ಕೊಂಡೆ” ಎಂದು ಗೇರ್ ಹಾಕಿದರು. ಪದ್ಮಿನಿ ಸಿಂಧನೂರಿನ ಕಡೆ ಸರಾಗ ಓಡಿಹೋಯಿತು.

ನಡೆದದ್ದರ ಸುದ್ದಿ ಬಸ್ಸಿನ ಕಂಡಕ್ಟರುಗಳ ಬಾಯಲ್ಲಿ ಆ ಕಡೆ ಸಿಂಧನೂರಿಗೂ ಈ ಕಡೆ ಲಿಂಗಸುಗೂರಿಗೂ ಮುಟ್ಟಿತು. ಕೆಲವರು ಶಭಾಷ್ ಎಂದರು. ಕೆಲವರು, ಅಷ್ಟು ವಯಸ್ಸಾದವರನ್ನು ಥಂಡಿಯಲ್ಲಿ ಕೂರಿಸಬಾರದಿತ್ತು ಎಂದರು. ಪಂಪಣ್ಣ ಆ ಕೆಮ್ಮಿನಲ್ಲಿ ತಿಂಗಳು ಮಲಗಿದರಂತೆ ಎಂದು ಆದೆಮ್ಮ ಹೇಳಿದಾಗ ಶಾಕೀರಾಳಿಗೆ ಮೊದಲು ಆದದ್ದು ಸಂತೋಷವೇ. ಅದನ್ನವಳು ಯಾರಿಂದಲೂ ಮುಚ್ಚಿಡುವುದಿಲ್ಲ. ಎದ್ದ ಮೇಲೆ ಮತ್ತೆ ದಿನವೂ ತಾವೇ ಓಡಿಸಿಕೊಂಡು ತುರ್ವಿಹಾಳಕ್ಕೆ ಹೋಗುತ್ತಾರೆ, ಗಾಡಿ ಒಂದೇ ಕೀಲಿಗೆ ಏಳುತ್ತದೆ ಎಂದು ಕೇಳಿದಾಗ ಮಾತ್ರ ಅವಳಿಗೆ ಉರಿಯಿತು. ತನ್ನ ಕೈಯ ಒಳ್ಳೆಯ ಕೆಲಸ ಆ ಮನುಷ್ಯನಿಗೆ ದಿನಬೆಳಗೂ ದಕ್ಕುತ್ತಿದೆಯಲ್ಲ ಎಂದು.

ದಸ್ತಗೀರ್‌ಸಾಬ್ ಈ ಬಗ್ಗೆ ಮತ್ತೆ ಮಾತೆತ್ತಲಿಲ್ಲ. ಆದರೆ ಸಂಕ್ರಾಂತಿ ಕಳೆದ ಒಂದು ಶುಕ್ರವಾರ ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಹೊರಗೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಶಾಕೀರಾ ಮಸೀದಿಗೆ ಹೋಗಿ ಕೇಳಿದಳು, ಅಲ್ಲಿಗೆ ಬಂದಿರಲಿಲ್ಲ. ಗಾಬರಿಯಾಗಿ ಬಸ್‌ಸ್ಟ್ಯಾಂಡಿಗೆ ಓಡಿದರೆ, ಮೂರು ಗಂಟೆಯ ಬಸ್ಸಿನಿಂದ ಅವರು ಕಂಬಿ ಹಿಡಿದು ಇಳಿಯುತ್ತಿದ್ದರು. ಕೈಯಲ್ಲಿ ಜಿಲೇಬಿಯ ಪೊಟ್ಟಣ.

ಎಲ್ಲಿಗೆ ಹೋಗಿದ್ದಿರಿ ಎಂದು ಕೈಯಾಡಿಸಿ ಕೇಳಿದಳು.

“ಸಿಂಧನೂರಿಗೆ” ಎಂದರು. ಮಸ್ಕಿಗೆ ಬಂದ ಮೇಲೆ ಆ ಊರಿಗೆ ಅವರು ಒಮ್ಮೆಯೂ ಕಾಲಿಟ್ಟಿರಲಿಲ್ಲ. “ಅಲ್ಲೇ ನಮಾಜ್ ಮಾಡಿದೆ. ಗ್ಯಾರೇಜು ಈಗಿಲ್ಲ, ಮೊಬೈಲ್ ಅಂಗಡಿ ಆಗೇದ. ಅದರ ಮುಂದ ನಿಂತು ಒಂದು ಚಾ ಕುಡಿದೆ.”

ಪೊಟ್ಟಣವನ್ನು ಅವಳ ಕೈಗೆ ಕೊಟ್ಟು, ಶೆಡ್ಡಿನ ಕಡೆ ನಡೆದರು.